ಅಡುಗೆಮನೆಯ ನವೀಕರಣ: ಕೆಲಸ ನಡೆಯುವ ದಿನಗಳು, ಮಾಡಬೇಕಾದ ನಿರ್ಧಾರಗಳು

ಗೋಡೆ ಒಡೆಯುವ ಮೊದಲೇ ಸಿಂಕ್, ಒಲೆ, ಫ್ರಿಜ್‌ಗಳ ಜಾಗವನ್ನೂ ಅವುಗಳ ನಿಖರ ಅಳತೆಯನ್ನೂ ನಿಶ್ಚಯಿಸಿಕೊಳ್ಳಬೇಕು. ನೀರಿನ ಪೈಪುಗಳು ಮತ್ತು ವಿದ್ಯುತ್ ತಂತಿಗಳು ಟೈಲ್ಸ್‌ಗಿಂತ ಮೊದಲೇ ಗೋಡೆಯೊಳಗೆ ಸೇರುವುದರಿಂದ, ಆಮೇಲೆ ಬದಲಾಯಿಸಿದ ಒಂದು ಸಣ್ಣ ನಿರ್ಧಾರವೂ ಮುಗಿದ ಕೆಲಸವನ್ನು ಮತ್ತೆ ಒಡೆಸುತ್ತದೆ. ಗಾರೆ ಮಾಡುವ ಮುನ್ನ ಅವುಗಳ ಪಕ್ಕದಲ್ಲಿ ಅಳತೆಪಟ್ಟಿ ಹಿಡಿದು ಫೋಟೊ ತೆಗೆದಿಟ್ಟುಕೊಂಡರೆ, ವರ್ಷಗಳ ನಂತರ ಗೋಡೆಗೆ ಮೊಳೆ ಹೊಡೆಯುವಾಗಲೂ ಅದು ನೆರವಾಗುತ್ತದೆ.

ಅಡುಗೆ ಕಟ್ಟೆಯ ಎತ್ತರ ಸಾಮಾನ್ಯವಾಗಿ 85ರಿಂದ 90 ಸೆಂಟಿಮೀಟರ್ ಇರುತ್ತದೆ. ಆದರೆ ಆ ಲೆಕ್ಕವನ್ನು ಕಣ್ಣುಮುಚ್ಚಿ ಒಪ್ಪಿಕೊಳ್ಳದೆ, ದಿನವೂ ಅಡುಗೆ ಮಾಡುವವರನ್ನು ನಿಲ್ಲಿಸಿ, ಅವರ ಮೊಣಕೈಗಿಂತ 10ರಿಂದ 15 ಸೆಂಟಿಮೀಟರ್ ಕೆಳಗೆ ಕಟ್ಟೆ ಬರುವಂತೆ ಅಳತೆ ತೆಗೆದುಕೊಳ್ಳುವುದೇ ಸರಿಯೆಂದು ನಾನು ಬಲವಾಗಿ ನಂಬುತ್ತೇನೆ. ಬೆನ್ನುನೋವಿನ ಮುಂದೆ ಕಟ್ಟೆಯ ಅಂದ ದೊಡ್ಡದಲ್ಲ. ಅಮೃತಶಿಲೆ ಹುಳಿ ತಾಗಿದಲ್ಲಿ ಹೊಳಪು ಕಳೆದುಕೊಳ್ಳುತ್ತದೆ, ಗ್ರಾನೈಟ್ ಅದಕ್ಕಿಂತ ಚೆನ್ನಾಗಿ ತಡೆದುಕೊಳ್ಳುತ್ತದೆ.

ಕೆಲಸ ಮುಗಿಯುವವರೆಗೆ ನೀರು ಹತ್ತಿರವಿರುವ ಬೇರೊಂದು ಕೋಣೆಯಲ್ಲಿ ಮೇಜು, ಇಂಡಕ್ಷನ್ ಒಲೆ ಮತ್ತು ಕೆಲವೇ ಪಾತ್ರೆಗಳನ್ನಿಟ್ಟುಕೊಂಡು, ಉಳಿದವನ್ನು ಹೆಸರು ಬರೆದ ಪೆಟ್ಟಿಗೆಗಳಲ್ಲಿ ಕಟ್ಟಿಡಬೇಕು. ಟೈಲ್ಸ್ ಕತ್ತರಿಸುವಾಗ ಏಳುವ ಸೂಕ್ಷ್ಮ ದೂಳು ಶ್ವಾಸಕೋಶಕ್ಕೆ ಹಾನಿಕರವಾದ್ದರಿಂದ, ಬಾಗಿಲಿಗೆ ಪ್ಲಾಸ್ಟಿಕ್ ಹಾಳೆಯನ್ನು ಸಂದಿಲ್ಲದಂತೆ ಅಂಟಿಸಿ, ಕತ್ತರಿಸುವ ಕೆಲಸವನ್ನು ನೀರು ಹಾಯಿಸುತ್ತಾ ಹೊರಗೆ ಮಾಡಿಸಬೇಕು.