ಈ ಇಬ್ಬರ ನಡುವೆ ಏನು ಅಡ್ಡ?

ಆ ಪತ್ರಕ್ಕೆ ‘ಬೇಡ’ ಅಂತ ಉತ್ತರ ಬರೆದಾಗಿತ್ತು. ಕಳಿಸುವುದೊಂದೇ ಬಾಕಿ.

ನಾನು ಲಿಟರರಿ ಏಜೆಂಟ್. ಕಾದಂಬರಿ ಬರೆದವರ ಪರವಾಗಿ ಪ್ರಕಾಶಕರ ಹತ್ತಿರ ಹೋಗುವುದು, ಒಪ್ಪಂದ ಕುದುರಿಸುವುದು ನನ್ನ ಕೆಲಸ. ಇಂಗ್ಲಿಷ್ ಪುಸ್ತಕಗಳ ಮಾರುಕಟ್ಟೆ, ಅದರಲ್ಲೂ ಜಾಸ್ತಿ ರೊಮ್ಯಾನ್ಸ್. ದಿನಾ ಇನ್‌ಬಾಕ್ಸ್ ತುಂಬ ಹಸ್ತಪ್ರತಿಗಳು. ಇಡೀ ಕಾದಂಬರಿಯಲ್ಲ, ಒಂದು ಪುಟದ ಪರಿಚಯ ಪತ್ರ, ಕಥೆಯ ಸಾರಾಂಶ, ಮೊದಲ ಕೆಲವು ಪುಟಗಳು. ಆ ಪರಿಚಯ ಪತ್ರಕ್ಕೆ ನಾವು ಕ್ವೆರಿ ಅನ್ನುತ್ತೇವೆ. 300 ಪದ ಧಾರಾಳವಾಗಿ ಸಾಕು.

ನಾನು ‘ಬೇಡ’ ಅಂದಿದ್ದ ಕ್ವೆರಿ ಹೀಗೆ ಶುರುವಾಗಿತ್ತು: “ಇದು ಪ್ರೀತಿ, ನಂಬಿಕೆ ಮತ್ತು ಕ್ಷಮೆಯ ಹೃದಯಸ್ಪರ್ಶಿ ಕಥೆ.” ಇದೇ ವಾಕ್ಯ ಇರುವ ಪತ್ರ ವಾರಕ್ಕೆ ನಾಲ್ಕಾದರೂ ಬರುತ್ತವೆ. ಹೃದಯ ಮುಟ್ಟಿತೋ ಇಲ್ಲವೋ ಅಂತ ಹೇಳಬೇಕಾದವರು ಓದಿದವರು, ಅಲ್ವಾ? ಕೆಳಗೆ ನಾಯಕಿ ನರ್ಸ್, ನಾಯಕ ಅವಳ ಮಾಜಿ ಗಂಡ, “ವಿಧಿ ಅವರನ್ನು ಮತ್ತೆ ಒಂದುಗೂಡಿಸುತ್ತದೆ” ಅಂತ ಇತ್ತು. ಸರಿ, ಒಂದುಗೂಡಿಸಿತು. ಅದಕ್ಕೆ 85,000 ಪದ ಯಾಕೆ ಬೇಕಾಯ್ತು?

ರೊಮ್ಯಾನ್ಸ್ ಓದುವಾಗ ನನ್ನ ತಲೆಯಲ್ಲಿ ಓಡುವುದು ಇದೊಂದೇ ಪ್ರಶ್ನೆ. ಈ ಇಬ್ಬರ ನಡುವೆ ಏನು ಅಡ್ಡ? ಕೊನೆಗೆ ಸೇರುತ್ತಾರೆ ಅನ್ನುವುದು ಮೊದಲ ಪುಟಕ್ಕೇ ಎಲ್ಲರಿಗೂ ಗೊತ್ತು. ರೊಮ್ಯಾನ್ಸ್ ರೈಟರ್ಸ್ ಆಫ್ ಅಮೆರಿಕ ಸಂಸ್ಥೆಯ ವ್ಯಾಖ್ಯಾನದಲ್ಲೇ ಎರಡು ಮಾತಿದೆ: ಕಥೆಯ ಕೇಂದ್ರದಲ್ಲೇ ಪ್ರೀತಿ ಇರಬೇಕು, ಮುಕ್ತಾಯ ಮನಸ್ಸಿಗೆ ತೃಪ್ತಿ ಕೊಡಬೇಕು, ಭರವಸೆ ಉಳಿಸಬೇಕು. ನಾಯಕಿಯನ್ನು ಕೊನೆಯಲ್ಲಿ ಸಾಯಿಸಿ “ನನ್ನ ರೊಮ್ಯಾನ್ಸ್ ಬೇರೆ ಥರ” ಅಂತ ಬರೆಯುವವರೂ ಇದ್ದಾರೆ. ಅದು ಒಳ್ಳೆಯ ಕಾದಂಬರಿಯೇ ಇರಬಹುದು. ಆದರೆ ಆ ಹೆಸರಿನಲ್ಲಿ ಮಾರಿದರೆ ಓದುಗರು ನನ್ನನ್ನೂ ಲೇಖಕರನ್ನೂ ಬಿಡುವುದಿಲ್ಲ. ಸೇರುತ್ತಾರೆ ಅಂತ ಗೊತ್ತಿದ್ದೂ, ಹೇಗಪ್ಪಾ ಸೇರುತ್ತಾರೆ ಅಂತ ಕಳವಳ ಆಗಬೇಕು. ಆ ಕಳವಳ ಹುಟ್ಟುವುದೇ ಅಡ್ಡದಿಂದ.

ಒಂದು ಫೋನ್ ಮಾಡಿದರೆ ಮುಗಿಯುವ ತಪ್ಪು ತಿಳುವಳಿಕೆ ಅಡ್ಡ ಅಲ್ಲ. ದುಷ್ಟ ಅತ್ತೆಯೂ ಅಲ್ಲ, ಅವಳನ್ನು ಊರು ಬಿಡಿಸಿದರೆ ಕಥೆಯೇ ನಿಂತುಹೋಗುತ್ತದೆ. ಅಡ್ಡ ಇಬ್ಬರ ಒಳಗೇ ಇರಬೇಕು.

ಆವತ್ತು ಆ ಉತ್ತರ ಕಳಿಸುವ ಮೊದಲು, ಸುಮ್ನೆ ಅಭ್ಯಾಸಬಲದಿಂದ, ಮೊದಲ ಪುಟಕ್ಕೆ ಕಣ್ಣು ಹಾಯಿಸಿದೆ. ರಾತ್ರಿ ಪಾಳಿ. ಅಪಘಾತವಾಗಿ ಪ್ರಜ್ಞೆ ಇಲ್ಲದ ರೋಗಿಯೊಬ್ಬನನ್ನು ತಂದಿದ್ದಾರೆ. ನರ್ಸ್ ಫಾರ್ಮ್ ತುಂಬುತ್ತಿದ್ದಾಳೆ. ಹೆಸರು, ವಯಸ್ಸು, ರಕ್ತದ ಗುಂಪು ಯಾರನ್ನೂ ಕೇಳದೆ ಬರೆಯುತ್ತಾಳೆ. ಔಷಧಿ ಅಲರ್ಜಿ? ಅದೂ ಗೊತ್ತು. ಪಕ್ಕದಲ್ಲಿದ್ದ ಡಾಕ್ಟರ್ “ನಿಮಗೇನಾದರೂ ಸಂಬಂಧನಾ?” ಅಂತ ಕೇಳುತ್ತಾರೆ. ‘ಸಂಬಂಧ’ ಅನ್ನುವ ಕಾಲಂನಲ್ಲಿ ಅವಳು ‘ಇಲ್ಲ’ ಅಂತ ಬರೆಯುತ್ತಾಳೆ. ಆಮೇಲೆ ಅದನ್ನು ಹೊಡೆದು ಹಾಕುತ್ತಾಳೆ. ಬೇರೇನೂ ಬರೆಯುವುದಿಲ್ಲ.

ಅಷ್ಟೇ. ಪ್ರೀತಿ ಅನ್ನುವ ಪದ ಇಲ್ಲ, ಕಣ್ಣೀರಿಲ್ಲ, ಹೊರಗೆ ಮಳೆಯೂ ಇಲ್ಲ. (ಮೊದಲ ಪುಟದಲ್ಲಿ ಮಳೆ ಬರುವ ಕಾದಂಬರಿಗಳ ಲೆಕ್ಕ ಇಟ್ಟಿದ್ದರೆ ಒಂದು ನೋಟ್‌ಬುಕ್ ತುಂಬುತ್ತಿತ್ತು.) ನಾನು ಬರೆದ ಉತ್ತರವನ್ನು ಅಳಿಸಿ, ಪೂರ್ತಿ ಹಸ್ತಪ್ರತಿ ಕಳಿಸಿ ಅಂತ ಕೇಳಿದೆ.

ಪೂರ್ತಿ ಅನ್ನುವಾಗ ಒಂದು ಮಾತು. ಕಾದಂಬರಿ ಬರೆದು ಮುಗಿಸದೆ ಏಜೆಂಟರಿಗೆ ಕಳಿಸಬೇಡಿ. ಕಥೆಯಲ್ಲದ ಬರಹಕ್ಕೆ ಯೋಜನೆ, ಒಂದೆರಡು ಮಾದರಿ ಅಧ್ಯಾಯ ಇದ್ದರೆ ನಡೆಯುತ್ತದೆ. ಹೊಸಬರ ಕಾದಂಬರಿಗೆ ನಡೆಯುವುದಿಲ್ಲ. ಪೂರ್ತಿ ಕೇಳಿದಾಗ “ಇನ್ನು ಮೂರು ತಿಂಗಳು ಕೊಡಿ” ಅಂದವರು ಇದ್ದಾರೆ. ಮೂರು ತಿಂಗಳಿಗೆ ನನ್ನ ಉತ್ಸಾಹ ಆರಿಹೋಗಿರುತ್ತದೆ.

ಹಸ್ತಪ್ರತಿ ಬಂತು. ಒಂದೇ ರಾತ್ರಿ ಮುಕ್ಕಾಲು ಭಾಗ ಓದಿದೆ. ಗಂಡ ಸಾಲ ಮಾಡಿ, ಅದನ್ನು ಮುಚ್ಚಿಟ್ಟಿದ್ದ. ಮನೆ ಕೈಬಿಟ್ಟುಹೋದ ದಿನವೇ ಅವಳಿಗೆ ಗೊತ್ತಾಗಿದ್ದು. ಈಗ ಅವನು ಬದಲಾಗಿದ್ದಾನೆ, ಅವಳಿಗೂ ಅವನ ಮೇಲೆ ಪ್ರೀತಿ ಹೋಗಿಲ್ಲ. ಆದರೆ ಯಾರನ್ನಾದರೂ ನಂಬುವುದೇ ಅವಳಿಂದ ಆಗದ ಕೆಲಸ. ಇದು ಅಡ್ಡ! ಇದನ್ನು ಕ್ವೆರಿಯಲ್ಲಿ ಯಾಕೆ ಹೇಳಿರಲಿಲ್ಲ ಅಂತ ಕೇಳಿದರೆ ಲೇಖಕಿ, “ಸಸ್ಪೆನ್ಸ್ ಹಾಳಾಗುತ್ತೆ ಅಂದುಕೊಂಡೆ ಮೇಡಂ” ಅಂದರು. ಈ ಭಯ ತುಂಬ ಜನರಿಗಿದೆ. ಸಾರಾಂಶದಲ್ಲೂ ಕೊನೆ ಬಚ್ಚಿಟ್ಟು “ಮುಂದೇನಾಯ್ತು? ಓದಿ ನೋಡಿ!” ಅಂತ ಬರೆಯುತ್ತಾರೆ. ಸಾರಾಂಶ ಪುಸ್ತಕದ ಬೆನ್ನಿನ ಮಾತಲ್ಲ. ಒಂದೆರಡು ಪುಟದಲ್ಲಿ ಕೊನೆಯವರೆಗೂ ಹೇಳಿಬಿಡಬೇಕು. ನನಗೆ ನೋಡಬೇಕಾಗಿರುವುದು ಕಟ್ಟಡ ನಿಂತಿದೆಯಾ ಅಂತ.

ಈ ಕಟ್ಟಡದ ಹಿಂದಿನ ಗೋಡೆ ಬಿರುಕು ಬಿಟ್ಟಿತ್ತು. ಎಲ್ಲ ಸರಿಹೋಗುತ್ತಿದೆ ಅನ್ನುವಾಗ ಅವಳು ಅವನನ್ನು ಇನ್ನೊಬ್ಬ ಹೆಂಗಸಿನ ಜೊತೆ ನೋಡಿ ಓಡಿಹೋಗುತ್ತಾಳೆ. ಆ ಹೆಂಗಸು ಅವನ ತಂಗಿ! ಹತ್ತು ವರ್ಷ ಸಂಸಾರ ಮಾಡಿದವಳಿಗೆ ನಾದಿನಿಯ ಗುರುತು ಸಿಗಲ್ವಾ? ನಕ್ಕುಬಿಟ್ಟೆ. ಆಮೇಲೆ ಬೇಜಾರಾಯ್ತು, ಯಾಕೆಂದರೆ ಅಷ್ಟು ಹೊತ್ತಿಗೆ ಈ ಇಬ್ಬರೂ ನನಗೆ ಬೇಕಾದವರಾಗಿದ್ದರು.

ಫೋನಿನಲ್ಲಿ ಲೇಖಕಿಗೆ ಒಂದೇ ಮಾತು ಕೇಳಿದೆ: “ಅವನು ಮತ್ತೆ ಸುಳ್ಳು ಹೇಳಿದರೆ?” ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಎರಡು ತಿಂಗಳ ಮೇಲೆ ಹೊಸ ಪ್ರತಿ ಬಂತು. ತಂಗಿ ಮಾಯ. ಅವನ ಕೆಲಸ ಹೋಗಿದೆ, ಅವಳಿಗೆ ಚಿಂತೆ ಬೇಡ ಅಂತ ನಾಲ್ಕು ದಿನ ಮುಚ್ಚಿಡುತ್ತಾನೆ. ಸಣ್ಣ ಸುಳ್ಳು, ಒಳ್ಳೆಯ ಮನಸ್ಸಿನ ಸುಳ್ಳು. ಅದೇ ಹಳೆಯ ಗಾಯದ ಮೇಲೆ ಬೀಳುತ್ತದೆ. ಆ ಅಧ್ಯಾಯ ಓದಿದ ಮೇಲೆ ಪ್ರಾತಿನಿಧ್ಯದ ಕರಾರು ಕಳಿಸಿದೆ.

ಕರಾರು ಅಂದಮೇಲೆ ದುಡ್ಡಿನ ಮಾತೂ ಬಂತು. ಪುಸ್ತಕ ಮಾರಾಟವಾದರೆ ಲೇಖಕರ ಆದಾಯದಲ್ಲಿ ಏಜೆಂಟಿಗೆ ಸಾಮಾನ್ಯವಾಗಿ ಶೇ. 15, ಬೇರೆ ದೇಶದ ಹಕ್ಕು ಮಾರಿದರೆ ಶೇ. 20ರವರೆಗೆ. ಮಾರಾಟವಾಗದಿದ್ದರೆ ಏನೂ ಇಲ್ಲ. ಓದುವುದಕ್ಕೇ ಫೀಸು ಕೇಳುವ ಏಜೆಂಟ್ ಸಿಕ್ಕರೆ ಬಾಗಿಲು ಹಾಕಿಕೊಳ್ಳಿ.

ಪ್ರಕಾಶಕರಿಗೆ ನಾನು ಬರೆದ ಪತ್ರದಲ್ಲಿ ಹೃದಯಸ್ಪರ್ಶಿ ಅನ್ನುವ ಪದ ಇರಲಿಲ್ಲ. ಆ ಫಾರ್ಮ್, ಆ ಸುಳ್ಳು, ಎರಡೇ ವಿಷಯ. ಜೊತೆಗೆ ಇತ್ತೀಚಿನ ನಾಲ್ಕೈದು ವರ್ಷಗಳಲ್ಲಿ ಬಂದ, ಇದೇ ಓದುಗರು ಮೆಚ್ಚಿದ ಎರಡು ಪುಸ್ತಕಗಳ ಹೆಸರು. ಲೇಖಕರೂ ಕ್ವೆರಿಯಲ್ಲಿ ಇದನ್ನು ಮಾಡಬೇಕು. ನೂರು ವರ್ಷ ಹಳೆಯ ಮೇರುಕೃತಿಗೆ ಹೋಲಿಸಿಕೊಂಡರೆ ನನಗೆ ತಿಳಿಯುವುದು ನಿಮ್ಮ ಆತ್ಮವಿಶ್ವಾಸ ಮಾತ್ರ. ಐದು ಸಂಪಾದಕರು ಬೇಡ ಅಂದರು, ಆರನೆಯವರು ಕೊಂಡರು.

ಅಚ್ಚಿಗೆ ಮುಂಚಿನ ಪ್ರೂಫ್ ಬಂದ ರಾತ್ರಿ ಲೇಖಕಿಯ ಫೋನ್. ದನಿ ನಡುಗುತ್ತಿತ್ತು. ಮೊದಲ ಪುಟದಲ್ಲಿ ‘ಇಲ್ಲ’ ಮೇಲಿನ ಗೆರೆ ಹೋಗಿಬಿಟ್ಟಿದೆ. ಹೊಡೆದು ಹಾಕಿದ ಪದ ಕೈತಪ್ಪಿನಿಂದ ಉಳಿದದ್ದು ಅಂತ ಯಾರೋ ಶುದ್ಧ ಮಾಡಿದ್ದರು. ಬೆಳಿಗ್ಗೆ ಸಂಪಾದಕರಿಗೆ ನಾನು ಮಾಡಿದ ಮೊದಲ ಕರೆ ಆ ಒಂದು ಗೆರೆಗಾಗಿ.