ನಾಯಿಮರಿಗೂ ಮಗುವಿಗೂ ಹಲ್ಲು ಬರುವಾಗ

ಮೂರು-ನಾಲ್ಕು ತಿಂಗಳ ನಾಯಿಮರಿ ಜಗುಲಿಯಲ್ಲಿಟ್ಟ ಗಂಬೂಟಿನ ಅಂಚನ್ನು ಚೂರುಚೂರು ಮಾಡಿದರೆ ಬೈಯಬೇಡಿ, 28 ಹಾಲುಹಲ್ಲು ಉದುರಿ 42 ಹೊಸ ಹಲ್ಲು ಬರುವ ಹೊತ್ತು ಅದು, ವಸಡು ನೋಯುತ್ತದೆ ಅಲ್ವಾ? ಮರಿಗೆ ಆರೇಳು ತಿಂಗಳಾಗುವಷ್ಟರಲ್ಲಿ ಮುಗಿಯುತ್ತದೆ. ಬೂಟನ್ನು ಎತ್ತರದಲ್ಲಿಡಿ. ಹಳೇ ಬಟ್ಟೆಯನ್ನು ಒದ್ದೆ ಮಾಡಿ, ಗಂಟು ಹಾಕಿ, ಫ್ರೀಜರಿನಲ್ಲಿಟ್ಟು ಕೊಡಿ. ಎಳೆ ಕಿತ್ತು ನುಂಗದಂತೆ ಪಕ್ಕದಲ್ಲೇ ಇರಿ. ಬೇಯಿಸಿದ ಮೂಳೆ ಬೇಡವೇ ಬೇಡ, ಪಂದಿಕರಿಯ (ಹಂದಿ ಮಾಂಸದ ಸಾರಿನ) ಮೂಳೆಯೂ ಅಷ್ಟೇ. ಅದು ಸೀಳಿ ಗಂಟಲು, ಕರುಳಿಗೆ ಚುಚ್ಚುತ್ತದೆ.

ನಮ್ಮ ಕೊಡಗಿನಲ್ಲಿ ನನಗೆ ಜಾಸ್ತಿ ಭಯ ಕಾಫಿ ಕಣದ್ದು. ಕೊಯ್ಲಿನ ಕಾಲದಲ್ಲಿ ಹಣ್ಣು ಒಣಗಲು ಹರಡಿರುತ್ತೇವೆ, ಮರಿ ಸುಮ್ನೆ ಹೋಗಿ ಕಚ್ಚಿ ನುಂಗಿಬಿಡುತ್ತದೆ. ಕೆಫೀನ್ ನಾಯಿಗೆ ವಿಷ. ಕಣಕ್ಕೆ ಬಲೆ ಕಟ್ಟಿ. ನುಂಗಿದ್ದು ಗೊತ್ತಾದರೆ ನಡುಕ, ವಾಂತಿ ಬರಲಿ ಅಂತ ಕಾಯದೆ ಪಶುವೈದ್ಯರ ಹತ್ತಿರ ಓಡಿ. ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣ ಕಲಸಿದ ಶಿಲೀಂಧ್ರದ ಔಷಧ) ಹೊಡೆದ ಗಿಡದ ಕಡ್ಡಿಯನ್ನೂ ಕಡಿಯಲು ಕೊಡಬೇಡಿ.

ಮಗುವಿಗೆ ಮೊದಲ ಹಲ್ಲು ಸುಮಾರು ಆರು ತಿಂಗಳಿಗೆ. ಕೈ ತೊಳೆದು ಬೆರಳಲ್ಲಿ ವಸಡನ್ನು ಮೆಲ್ಲಗೆ ಉಜ್ಜಿ. ಟೀದರನ್ನು (ಮಗು ಕಚ್ಚುವ ಆಟಿಕೆ) ಫ್ರಿಜ್ಜಿನಲ್ಲಿ ತಣ್ಣಗೆ ಮಾಡಿದರೆ ಸಾಕು, ಫ್ರೀಜರ್ ಬೇಡ. ಕೊಡಗಿನ ಜೇನು ಎಷ್ಟೇ ಒಳ್ಳೆಯದಿರಲಿ, ವರ್ಷ ತುಂಬುವ ತನಕ ವಸಡಿಗೆ ಹಚ್ಚಬೇಡಿ, ಬಾಟುಲಿಸಂ ಎಂಬ, ಸ್ನಾಯುಗಳ ಶಕ್ತಿ ಕುಂದಿಸುವ ಗಂಭೀರ ಕಾಯಿಲೆ ಬರುವ ಅಪಾಯವಿದೆ. ಮರಗಟ್ಟಿಸುವ ಜೆಲ್ಲೂ ಬೇಡ. ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಹಲ್ಲಿಗೇ ಬಂದಿದ್ದು ಅಂತ ಕೂರಬೇಡಿ, ಡಾಕ್ಟರಿಗೆ ತೋರಿಸಿ. ಇಬ್ಬರೂ ಒಂದೇ ಮನೆಯಲ್ಲಿದ್ದರೆ ಆಟಿಕೆಗೆ ಎರಡು ಬುಟ್ಟಿ ಇಡಿ.