14 ಕಿಲೋಮೀಟರ್ ರಸ್ತೆ, 1.2 ಮೀಟರ್ ಕೋಲು

ಮೇ ತಿಂಗಳಲ್ಲಿ ಆ ತಿರುವು ನೋಡಿದಾಗ ನೋಟ್‌ಬುಕ್ಕಿನಲ್ಲಿ ‘ಮುಂದಿನ ರಸ್ತೆ ಚೆನ್ನಾಗಿ ಕಾಣುತ್ತದೆ’ ಎಂದು ಬರೆದು ಮುಂದೆ ಹೋಗಿದ್ದೆ. ನವೆಂಬರಿನಲ್ಲಿ ಅದೇ ಜಾಗದಲ್ಲಿ ನಿಂತರೆ 35 ಮೀಟರ್ ಆಚೆಗೆ ಏನೂ ಕಾಣುತ್ತಿರಲಿಲ್ಲ. ರಸ್ತೆ ಅದೇ, ತಿರುವೂ ಅದೇ. ಪಕ್ಕದ ಗದ್ದೆಯಲ್ಲಿ ಕಬ್ಬು ಆಳೆತ್ತರ ಬೆಳೆದಿತ್ತು, ಅಷ್ಟೇ.

ನಾನು ಮಾಡುವುದು ರಸ್ತೆ ಸುರಕ್ಷತೆಯ ಆಡಿಟ್. ಹೊಸ ರಸ್ತೆಗಳ ನಕ್ಷೆಯೂ ನೋಡುತ್ತೇನೆ. ಆದರೆ ಮನಸ್ಸಿಗೆ ಹತ್ತಿರವಾದ ಕೆಲಸ ಎಂದರೆ ಜನ ಈಗಾಗಲೇ ಓಡಾಡುತ್ತಿರುವ ರಸ್ತೆಯಲ್ಲಿ ಅಪಾಯ ಎಲ್ಲೆಲ್ಲಿದೆ ಎಂದು ಹುಡುಕುವುದು. ಈಗ ಹೇಳುತ್ತಿರುವ ರಸ್ತೆ ಮಂಡ್ಯ ಜಿಲ್ಲೆಯದು. 14 ಕಿಲೋಮೀಟರ್ ಉದ್ದ, ಅದರಲ್ಲಿ ಒಂದಷ್ಟು ದೂರ ನಾಲೆಯ ಪಕ್ಕದಲ್ಲೇ ಸಾಗುತ್ತದೆ.

ಹೊರಡುವ ಮುಂಚೆ ಸ್ಟೇಷನ್ನಿನಿಂದ 3 ವರ್ಷದ ಅಪಘಾತದ ದಾಖಲೆ ತರಿಸಿ ಓದಿದೆ. ಹೆಚ್ಚುಕಮ್ಮಿ ಎಲ್ಲದರಲ್ಲೂ ಒಂದೇ ಮಾತು: ‘ಅತಿವೇಗ ಮತ್ತು ಅಜಾಗರೂಕತೆಯಿಂದ ಚಲಾಯಿಸಿ’. ಸುಳ್ಳು ಅಂತ ನಾನು ಹೇಳುವುದಿಲ್ಲ. ಆದರೆ ಅಲ್ಲಿ ತಿರುವಿನ ಬೋರ್ಡ್ ಇತ್ತಾ, ಟಾರಿನ ಅಂಚು ಹೇಗಿತ್ತು, ನಾಲೆಗೆ ತಡೆಗೋಡೆ ಇತ್ತಾ ಎಂಬುದಕ್ಕೆ ಆ ಕಾಗದದಲ್ಲಿ ಜಾಗವೇ ಸಿಗುವುದಿಲ್ಲ. ಬ್ಲ್ಯಾಕ್ ಸ್ಪಾಟ್ ಲೆಕ್ಕವೂ ಇಲ್ಲಿ ನೆರವಿಗೆ ಬರಲಿಲ್ಲ. ರಾಷ್ಟ್ರೀಯ ಹೆದ್ದಾರಿಯಲ್ಲಿ ಸುಮಾರು 500 ಮೀಟರ್ ಒಳಗೆ 3 ವರ್ಷದಲ್ಲಿ ಸಾವು ಅಥವಾ ತೀವ್ರ ಗಾಯದ 5 ಅಪಘಾತ ಆಗಿದ್ದರೆ, ಇಲ್ಲವೇ 10 ಜನ ಸತ್ತಿದ್ದರೆ ಅದು ಬ್ಲ್ಯಾಕ್ ಸ್ಪಾಟ್. ಇಂಥ ಹಳ್ಳಿ ರಸ್ತೆಯಲ್ಲಿ ಸಾವು ಒಂದೇ ಕಡೆ ಆಗುವುದಿಲ್ಲ. ಮೋರಿ ಹತ್ತಿರ ಒಬ್ಬರು, ಆಲದ ಮರದ ಹತ್ತಿರ ಒಬ್ಬರು, ಹೀಗೆ ಚದುರಿ ಹೋಗಿರುತ್ತದೆ. ಅದಕ್ಕೇ ನಡೆದೇ ನೋಡಬೇಕು.

ಮೊದಲ ದಿನ ಕಾರಿನಲ್ಲಿ ಹೋಗಿ ಬಂದೆ, ಎರಡೂ ದಿಕ್ಕಿನಲ್ಲಿ. ಹೋಗುವಾಗ ಕಾಣುವ ಬೋರ್ಡ್ ಬರುವಾಗ ಕಾಣಲ್ಲ, ಅದಕ್ಕೆ ಎರಡು ದಿಕ್ಕು ಕಡ್ಡಾಯ. ಆಮೇಲೆ ಬೈಕಿನಲ್ಲಿ ಒಂದು ಸಲ. ಕಾರಿನ ಸೀಟಿನಲ್ಲಿ ಕೂತವನಿಗೆ ಟಾರಿನ ಅಂಚು ಗೊತ್ತೇ ಆಗುವುದಿಲ್ಲ, ಬೈಕಿನವನಿಗೆ ಅದೇ ಜೀವದ ಪ್ರಶ್ನೆ. ನಂತರ ಎರಡು ದಿನ ನಡಿಗೆ. ಕೈಯಲ್ಲಿ ಇದ್ದದ್ದು ಅಳತೆಯ ಚಕ್ರ, ಸ್ಟೀಲ್ ಸ್ಕೇಲು, ಫೋನು, 1.2 ಮೀಟರ್ ಉದ್ದದ ಒಂದು ಕೋಲು, 15 ಸೆಂಟಿಮೀಟರ್ ಎತ್ತರದ ಒಂದು ಡಬ್ಬ.

ಕೋಲು ಯಾಕೆ ಅಂದರೆ, ರಸ್ತೆಗಳ ಮಾನದಂಡ ಬರೆಯುವ ನಮ್ಮ ಐಆರ್‌ಸಿ (ಇಂಡಿಯನ್ ರೋಡ್ಸ್ ಕಾಂಗ್ರೆಸ್) ಲೆಕ್ಕದಲ್ಲಿ ಚಾಲಕನ ಕಣ್ಣು ನೆಲದಿಂದ 1.2 ಮೀಟರ್ ಎತ್ತರ, ರಸ್ತೆ ಮೇಲೆ ಬಿದ್ದಿರುವ ವಸ್ತು 15 ಸೆಂಟಿಮೀಟರ್. ನಾನು ಕೋಲಿನ ತುದಿಗೆ ಕಣ್ಣು ಇಟ್ಟು ಬಗ್ಗಿ ನಿಲ್ಲುತ್ತೇನೆ. ಜೊತೆಗಿರುವ ಹುಡುಗ ಡಬ್ಬ ಹಿಡಿದು ತಿರುವಿನಲ್ಲಿ ಮುಂದೆ ಮುಂದೆ ಹೋಗುತ್ತಾ ರಸ್ತೆ ಮೇಲೆ ಇಡುತ್ತಾನೆ. ಡಬ್ಬ ಎಲ್ಲಿ ಮರೆಯಾಯಿತೋ ಅಲ್ಲಿವರೆಗೆ ಚಕ್ರ ಉರುಳಿಸಿ ಅಳೆಯುವುದು. 60 ಕಿಲೋಮೀಟರ್ ವೇಗದಲ್ಲಿ ಬರುವ ಗಾಡಿ ನಿಲ್ಲಲು 80 ಮೀಟರ್ ಕಾಣಬೇಕು, 80ರಲ್ಲಿ ಬಂದರೆ 120. ಮೇ ತಿಂಗಳಲ್ಲಿ ಆ ತಿರುವಿನಲ್ಲಿ 110 ಮೀಟರ್ ಕಂಡಿತ್ತು, ಗದ್ದೆ ಆಗಷ್ಟೇ ಕಡಿದು ಖಾಲಿ ಬಿದ್ದಿತ್ತು. ನವೆಂಬರಿನ 35 ಮೀಟರ್ ಅಂದರೆ, 60ರಲ್ಲಿ ಬರುವವನು ಎದುರಿನ ಟ್ರಾಕ್ಟರನ್ನು ನೋಡಿ ಬ್ರೇಕ್ ಒತ್ತಲು ಕಾಲು ಎತ್ತುವಷ್ಟರಲ್ಲೇ ಆ 35 ಮೀಟರ್ ಮುಗಿದಿರುತ್ತದೆ. ಅವನು ‘ಅತಿವೇಗ’ದಲ್ಲಿ ಇದ್ದನಾ?

ಅವತ್ತಿನಿಂದ ಕಬ್ಬು, ಜೋಳ ಇರುವ ಊರಿನ ರಸ್ತೆ ಆದರೆ ಬೆಳೆ ನಿಂತಿರುವಾಗ ಇನ್ನೊಂದು ಸಲ ಹೋಗದೆ ನಾನು ವರದಿ ಕೊಡುವುದಿಲ್ಲ.

ನಡಿಗೆಯಲ್ಲಿ ಸಿಕ್ಕ ದೊಡ್ಡ ಸಮಸ್ಯೆ ಟಾರಿನ ಅಂಚು. ಪ್ರತಿ ಸಲ ಹಳೆ ಟಾರಿನ ಮೇಲೆ ಹೊಸ ಟಾರು ಹಾಕುತ್ತಾರೆ, ಪಕ್ಕದ ಮಣ್ಣಿನ ಅಂಚನ್ನು ಮಾತ್ರ ಎತ್ತರಿಸುವುದಿಲ್ಲ. ಮಳೆಗೆ ಆ ಮಣ್ಣೂ ಕೊಚ್ಚಿ ಹೋಗುತ್ತದೆ. ಒಂದು ಬಸ್ ಸ್ಟಾಪಿನ ಹತ್ತಿರ ಸ್ಕೇಲು ಇಟ್ಟರೆ 13 ಸೆಂಟಿಮೀಟರ್, ಅರ್ಧ ಗೇಣಿಗಿಂತ ಜಾಸ್ತಿ. ಬಸ್ಸಿಗೆ ದಾರಿ ಬಿಡಲು ಬೈಕಿನವನು ಮಣ್ಣಿಗೆ ಇಳಿಯುತ್ತಾನೆ. ಮತ್ತೆ ಮೇಲೆ ಹತ್ತಲು ಹ್ಯಾಂಡಲ್ ತಿರುಗಿಸಿದಾಗ ಮುಂದಿನ ಚಕ್ರ ಆ ಅಂಚಿಗೆ ಉಜ್ಜಿಕೊಂಡೇ ಓಡುತ್ತದೆ, ಹತ್ತುವುದಿಲ್ಲ. ಇನ್ನೂ ಜಾಸ್ತಿ ತಿರುಗಿಸಿದರೆ ಒಮ್ಮೆಗೇ ಹತ್ತಿ ಗಾಡಿ ಅಡ್ಡ ಬೀಳುತ್ತದೆ. ಹತ್ತಿರ ಕೂತು ನೋಡಿದೆ. ಟಾರಿನ ಅಂಚಿನುದ್ದಕ್ಕೂ ಟೈರು ಉಜ್ಜಿದ ಕಪ್ಪು ಗುರುತು, ಅದರ ಕೊನೆಯಲ್ಲಿ ಟಾರಿನ ಮೇಲೆ ಬಿಳಿ ಗೀರು, ಮಣ್ಣಿನಲ್ಲಿ ಇಂಡಿಕೇಟರಿನ ಕಿತ್ತಳೆ ಚೂರುಗಳು. ಬೇರೆ ಬೇರೆ ಬಣ್ಣದ ಪ್ಲಾಸ್ಟಿಕ್ ಚೂರುಗಳೂ ಇದ್ದವು, ಅಂದರೆ ಬಿದ್ದದ್ದು ಒಬ್ಬರಲ್ಲ.

ದಾಖಲೆಯಲ್ಲಿ ಆ ಜಾಗದ ಹೆಸರೇ ಇರಲಿಲ್ಲ. ಎದುರಿನ ಪೆಟ್ಟಿಗೆ ಅಂಗಡಿಯ ಅಕ್ಕನನ್ನು ಕೇಳಿದೆ. “ವಾರಕ್ಕೊಬ್ರು ಬೀಳ್ತರೆ ಸಾ. ಎದ್ದು ಮಣ್ಣು ಒದ್ರುಕೊಂಡು ಹೋಯ್ತರೆ, ಯಾರು ಸ್ಟೇಷನ್‌ಗೆ ಹೋಗ್ತರೆ?” ಎಂದರು. ಪಂಚರ್ ಅಂಗಡಿಯವರು, ಪೆಟ್ಟಿಗೆ ಅಂಗಡಿಯವರು, 108ರ ಡ್ರೈವರ್ ಈ ಮೂವರನ್ನು ನಾನು ಯಾವ ಊರಿಗೆ ಹೋದರೂ ಬಿಡುವುದಿಲ್ಲ. ಯಾವ ದಾಖಲೆಯಲ್ಲೂ ಇಲ್ಲದ್ದು ಅವರಿಗೆ ಗೊತ್ತಿರುತ್ತದೆ.

ಇನ್ನು ರಾತ್ರಿ. ಏಳೂವರೆಗೆ ಶುರು ಮಾಡಿದೆವು, ಅದೂ ಮಳೆ ಬಂದು ನಿಂತ ಮೇಲೆ. ಹಗಲಲ್ಲಿ ಬೋರ್ಡು ಇದೆ ಎಂದು ಟಿಕ್ ಹಾಕಿದ್ದ ಎಷ್ಟೋ ಜಾಗದಲ್ಲಿ ಹೆಡ್‌ಲೈಟಿಗೆ ಬರೀ ಕಪ್ಪು ತಗಡು ಕಂಡಿತು. ಮಿನುಗುವ ಹಾಳೆ ಹಳೆಯದಾಗಿ ಸತ್ತುಹೋಗಿತ್ತು. ಶಾಲೆ ಮುಂದಿನ ಹಂಪ್ಸ್ ಕಾಣಲೇ ಇಲ್ಲ, ಡ್ರೈವರಿಗೆ ಗೊತ್ತಿದ್ದ ರಸ್ತೆಯಾದರೂ ಹಾರಿಸಿಬಿಟ್ಟರು. ಅಳೆದರೆ ಅಗಲ ಒಂದೂವರೆ ಮೀಟರು, ಎತ್ತರ 18 ಸೆಂಟಿಮೀಟರ್. ಐಆರ್‌ಸಿ ಹೇಳುವ ಉಬ್ಬು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ, ಮೇಲೆ ಬಣ್ಣ, ಮುಂಚೆಯೇ ಎಚ್ಚರಿಕೆ ಬೋರ್ಡ್. ಊರಿನವರು ಮಕ್ಕಳ ಜೀವಕ್ಕೆ ಹೆದರಿ ಒತ್ತಾಯ ಮಾಡಿ ಹಾಕಿಸಿಕೊಂಡ ಹಂಪ್ಸ್ ಅದು. ಅವರ ಭಯ ನಿಜವಾದದ್ದೇ. ಅದನ್ನು ಕಿತ್ತು ಹಾಕಿ ಎಂದು ನಾನು ಬರೆಯಲಿಲ್ಲ, ಸರಿಯಾದ ಅಳತೆಗೆ ಮಾಡಿ ಎಂದು ಬರೆದೆ.

ನಾಲೆ ಪಕ್ಕದ ಭಾಗಕ್ಕೆ ಬಂದಾಗ ಕಾರಿನಲ್ಲಿ ಎಲ್ಲರೂ ಸುಮ್ಮನಾದರು. ಒದ್ದೆ ಟಾರು ಯಾವುದು, ನೀರು ಯಾವುದು ಎಂದು ಹೆಡ್‌ಲೈಟಿನಲ್ಲಿ ಗೊತ್ತಾಗುತ್ತಿರಲಿಲ್ಲ, ಎರಡೂ ಒಂದೇ ಥರ ಹೊಳೆಯುತ್ತಿದ್ದವು. ಅಂಚಿನ ಬಿಳಿ ಗೆರೆ ಅಳಿಸಿ ಹೋಗಿತ್ತು. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಬಸ್ಸು ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಬಿದ್ದು 30 ಜನ ತೀರಿಕೊಂಡರು, ಶಾಲೆ ಮಕ್ಕಳೂ ಇದ್ದರು. ಅದಾದ ಮೇಲೂ ಈ ಜಿಲ್ಲೆಯಲ್ಲಿ ಕಾರುಗಳು ನಾಲೆಗೆ ಬಿದ್ದಿವೆ. ಚಾಲಕ ತಪ್ಪು ಮಾಡಬಹುದು, ನಿದ್ದೆ ಬರಬಹುದು, ಟೈರು ಸಿಡಿಯಬಹುದು. ಅಂಥ ಒಂದು ಕ್ಷಣಕ್ಕೆ ಇಡೀ ಕುಟುಂಬ ನೀರಿಗೆ ಹೋಗಬೇಕಾ?

ಆ ಭಾಗದಲ್ಲಿ ತಡೆಬೇಲಿ ಇದ್ದದ್ದು ಒಂದೇ ಕಡೆ. ಅದರ ತುದಿಯನ್ನು ಹಾಗೇ ಕತ್ತರಿಸಿ ಬಿಟ್ಟಿದ್ದರು, ಎದುರು ಬರುವ ಗಾಡಿಗೆ ಈಟಿಯಂತೆ ಚಾಚಿಕೊಂಡಿತ್ತು. ಬೆರಳಿಟ್ಟು ನೋಡಿದೆ, ತಗಡಿನ ಅಂಚು ಚೂಪಾಗಿತ್ತು. ತುದಿಯನ್ನು ರಸ್ತೆಯಿಂದ ಆಚೆ ಬಾಗಿಸಿ ಮುಗಿಸಬೇಕು. ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸುವಾಗಲೂ ಗಾಡಿ ಬರುವ ದಿಕ್ಕಿನ ಪಟ್ಟಿ ಮೇಲೆ ಬರಬೇಕು, ಇಲ್ಲಿ ಉಲ್ಟಾ ಇತ್ತು. ಗುದ್ದಿದ ಗಾಡಿ ಜಾರಿಕೊಂಡು ಹೋಗುವ ಬದಲು ಜೋಡಣೆಗೆ ಸಿಕ್ಕಿಹಾಕಿಕೊಳ್ಳುತ್ತದೆ.

ಒಟ್ಟು 61 ಅಂಶ ಬರೆದೆ. ಪ್ರತಿಯೊಂದಕ್ಕೂ ಹಗಲಿನ ಫೋಟೊ, ರಾತ್ರಿಯ ಫೋಟೊ, ಜಾಗದ ಗುರುತು. ಮೊದಲ ಪುಟದಲ್ಲೇ ಒಂದು ತಿಂಗಳಲ್ಲಿ ಕಡಿಮೆ ದುಡ್ಡಿನಲ್ಲಿ ಆಗುವ ಕೆಲಸಗಳನ್ನು ಹಾಕಿದೆ: ಅಂಚಿಗೆ ಮಣ್ಣು ತುಂಬಿ ರೋಲರ್ ಓಡಿಸುವುದು, ಬಿಳಿ ಗೆರೆ, ಬೋರ್ಡಿನ ಹಾಳೆ, ತಿರುವಿಗೆ ಬಾಣದ ಗುರುತು. ದೊಡ್ಡ ಖರ್ಚಿನದ್ದನ್ನು ಮೊದಲು ಬರೆದರೆ ಇಡೀ ವರದಿಯೇ ‘ಅನುದಾನ ಬಂದಾಗ ನೋಡೋಣ’ ಎಂದು ಪಕ್ಕಕ್ಕೆ ಹೋಗುತ್ತದೆ, ಇದು ನಾನು ಕಂಡಿದ್ದೇನೆ. 2019ರ ಮೋಟಾರು ವಾಹನ ಕಾಯ್ದೆ ತಿದ್ದುಪಡಿಯ 198ಎ ಕಲಮನ್ನೂ ಸೇರಿಸಿದೆ. ಸುರಕ್ಷತೆಯ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಆದರೆ ರಸ್ತೆಯ ಹೊಣೆ ಹೊತ್ತವರಿಗೂ 1 ಲಕ್ಷ ರೂಪಾಯಿವರೆಗೆ ದಂಡ ಇದೆ. ಹೆದರಿಸಲು ಅಲ್ಲ, ಮೇಲಿನವರಿಗೆ ಕಡತ ಕಳಿಸುವ ಎಂಜಿನಿಯರ್ ಕೈಗೆ ಒಂದು ಆಧಾರ ಇರಲಿ ಅಂತ.

ಬಸ್ ಸ್ಟಾಪಿನ ಅಂಚು ಈಗ ಸರಿಯಾಗಿದೆ. ಬಿಳಿ ಗೆರೆ ಬಂದಿದೆ, ಹಂಪ್ಸ್ ಹೊಸದಾಗಿ ಮಾಡಿದ್ದಾರೆ. ತಿರುವಿನ ಒಳಬದಿಯ ಗದ್ದೆಯ ರೈತರ ಜೊತೆ ನಾನೇ ಹೋಗಿ ಮಾತಾಡಿದೆ, ರಸ್ತೆ ಕಡೆಯ ನಾಲ್ಕು ಸಾಲಿನಲ್ಲಿ ಕಬ್ಬಿನ ಬದಲು ತರಕಾರಿ ಹಾಕಲು ಒಪ್ಪಿದ್ದಾರೆ. ನಾಲೆ ಪಕ್ಕದ ತಡೆಬೇಲಿ 300 ಮೀಟರ್ ಆಗಿದೆ, ಇನ್ನೂ 900 ಮೀಟರ್ ಬಾಕಿ. ಈ ನವೆಂಬರಿನಲ್ಲಿ ಕೋಲು ತೆಗೆದುಕೊಂಡು ಮತ್ತೆ ಹೋಗುತ್ತೇನೆ.